ಟೈರಲ್ಲಿ ಗ್ರಿಪ್ ಇದೆ, ಕಾರು ಹೆಚ್ಚು ಓಡಿಲ್ಲ, ಆದರೂ ಬದಲಾಯಿಸಬೇಕಾ?

ಪ್ರಶ್ನೆ (ಸಾಗರದ ಸದಸ್ಯರು):
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾರು 2018ರದ್ದು, ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿರೋದು ಬರೀ 31 ಸಾವಿರ ಕಿಲೋಮೀಟರ್. ಮನೆ, ತೋಟ, ಪೇಟೆ ಬಿಟ್ಟರೆ ಆಗೊಮ್ಮೆ ಈಗೊಮ್ಮೆ ಬೆಂಗಳೂರು. ಮೊನ್ನೆ ಅಲೈನ್‌ಮೆಂಟ್‌ಗೆ ಬಿಟ್ಟಾಗ ಅಂಗಡಿಯವರು "ನಾಲ್ಕೂ ಟೈರ್ ತೆಗೆದುಬಿಡಿ" ಅಂದರು. ನೋಡಿದರೆ ಗ್ರಿಪ್ ಚೆನ್ನಾಗೇ ಇದೆ. ಅಪ್ಪ "ಅವನಿಗೆ ವ್ಯಾಪಾರ ಆಗಬೇಕು, 50 ಸಾವಿರ ಆಗಲಿ ನೋಡೋಣ" ಅಂತ ಪಟ್ಟು ಹಿಡಿದಿದ್ದಾರೆ. ಈ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಟೈರ್ ಮತ್ತು ಅಲೈನ್‌ಮೆಂಟ್ ಅಂಗಡಿ, ಹಾಸನ):
ನಿಮ್ಮ ತಂದೆಯವರ ಅನುಮಾನಕ್ಕೆ ಕಾರಣ ಇಲ್ಲದಿಲ್ಲ, ನಮ್ಮ ಲೈನಿನಲ್ಲಿ ಹಾಗೆ ವ್ಯಾಪಾರ ಮಾಡೋರೂ ಇದ್ದಾರೆ. ಹಾಗಂತ 50 ಸಾವಿರದ ಲೆಕ್ಕ ನಿಮ್ಮ ಕಾರಿಗೆ ಹೊಂದಲ್ಲ. ದಿನಾ ಓಡೋ ಗಾಡಿಯ ಟೈರ್ ಸವೆದು ಸಾಯುತ್ತೆ. ನಿಂತೇ ಇರೋ ಗಾಡಿಯ ಟೈರ್ ವಯಸ್ಸಾಗಿ ಸಾಯುತ್ತೆ. ನಿಮ್ಮದು ಎರಡನೇ ಜಾತಿ.

ಟಾರ್ಚು, ಒದ್ದೆ ಬಟ್ಟೆ ತಗೊಂಡು ಕಾರಿನ ಹತ್ತಿರ ಹೋಗಿ. ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಮೈ, ಒರೆಸಿದರೆ ಡಿ-ಒ-ಟಿ ಅನ್ನೋ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗೋ ಒಂದು ಸಾಲು ಸಿಗುತ್ತೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲಿನ ಎರಡು ವಾರ, ಆಮೇಲಿನ ಎರಡು ವರ್ಷ. 2319 ಅಂತಿದ್ದರೆ 2019ರ 23ನೇ ವಾರ, ಅಂದರೆ ಆ ವರ್ಷದ ಜೂನ್‌ನಲ್ಲಿ ತಯಾರಾದದ್ದು. ಎಷ್ಟೋ ಟೈರುಗಳಲ್ಲಿ ಈ ನಾಲ್ಕಂಕಿ ಒಂದೇ ಬದಿಗೆ ಇರುತ್ತೆ. ಹೊರಗಡೆ ಕಾಣದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳಬದಿಗೆ ಟಾರ್ಚ್ ಬಿಡಿ. ಹಿಂದಿನ ಚಕ್ರಕ್ಕಾದರೆ ನೆಲಕ್ಕೆ ಕೂತೇ ನೋಡಬೇಕು, ಬೇರೆ ದಾರಿಯಿಲ್ಲ.

ಆಮೇಲೆ ಗ್ರೂವ್ ನೋಡಿ, ಅಂದರೆ ಟೈರಿನ ಸುತ್ತ ಓಡೋ ಉದ್ದ ಕಾಲುವೆಗಳು. ಎಲ್ಲರೂ ಆಳ ನೋಡಿ ಸಮಾಧಾನ ಪಟ್ಟುಕೊಂಡು ಎದ್ದುಬಿಡ್ತಾರೆ, ನೀವು ಅದರ ತಳ ನೋಡಿ. ಕೂದಲೆಳೆಯಂಥ ಬಿರುಕು ಸಾಲಾಗಿ ಕಂಡರೆ ರಬ್ಬರ್ ಒಣಗಿದೆ ಅಂತಲೇ ಅರ್ಥ. ಹಾಲಿನ ಪ್ಯಾಕೆಟ್‌ಗೆ ಹಾಕಿಟ್ಟ ಹಳೇ ರಬ್ಬರ್ ಬ್ಯಾಂಡ್ ಎಳೆದಾಗ ಮೈಯೆಲ್ಲ ಸೀಳಿಕೊಂಡಿರುತ್ತಲ್ಲ, ಅದೇ ಕತೆ. ಸೈಡ್‌ವಾಲಿನ ಅಕ್ಷರಗಳ ಸುತ್ತ, ರಿಮ್ಮಿನ ಅಂಚಿನ ಹತ್ತಿರವೂ ಹೀಗೇ ನೋಡಿ.

ಹೀಗೇಕೆ ಆಗುತ್ತೆ ಅಂದರೆ, ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಮೂರೂ ರಬ್ಬರನ್ನ ತಿನ್ನುತ್ತವೆ. ಅದನ್ನ ತಡೆಯೋಕೆ ಅಂತಲೇ ಕಂಪನಿಯವರು ರಬ್ಬರಿಗೆ ಮೇಣ ಮತ್ತು ಕೆಲವು ರಾಸಾಯನಿಕ ಬೆರೆಸಿರ್ತಾರೆ. ಗಾಡಿ ಓಡಿ ಟೈರ್ ಮಡಚಿ ಬಿಚ್ಚಿ ಆಡಿದಾಗ ಅವು ಒಳಗಿಂದ ಮೇಲಕ್ಕೆ ಬಂದು ಪದರ ಕಟ್ಟುತ್ತವೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಆ ಪದರ ಸರಿಯಾಗಿ ಕಟ್ಟಲ್ಲ. ಹಾಗಾಗಿ "ಓಡಿಸೇ ಇಲ್ಲ, ಹೊಸದರ ಹಾಗಿದೆ" ಅನ್ನೋ ಮಾತು ಟೈರಿನ ವಿಷಯದಲ್ಲಿ ನಡೆಯಲ್ಲ.

ವರ್ಷದ ಲೆಕ್ಕಕ್ಕೆ ಬಂದರೆ, ಮಿಷೆಲಿನ್‌ನಂಥ ಕಂಪನಿಗಳು ಹೇಳೋದು ಇಷ್ಟು: ಬಳಸೋಕೆ ಶುರುಮಾಡಿ ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ, ತಯಾರಾಗಿ ಹತ್ತು ವರ್ಷ ಆದರೆ ಹೇಗಿದ್ದರೂ ತೆಗೆಯಿರಿ. ಕೆಲವು ಕಾರು ಕಂಪನಿಗಳು ಆರೇ ವರ್ಷ ಅಂತಾವೆ. ಈ ಹತ್ತು ವರ್ಷ ಕೊನೆಯ ಗಡಿ, ಅಲ್ಲಿವರೆಗೂ ಬಾಳುತ್ತೆ ಅನ್ನೋ ಗ್ಯಾರಂಟಿ ಅಲ್ಲ. ನಮ್ಮ ಬಿಸಿಲು, ನಮ್ಮ ರಸ್ತೆ ನೋಡಿ ನಾನು ಗಿರಾಕಿಗಳಿಗೆ ಆರರಿಂದ ಏಳು ಅಂತೀನಿ. ನಿಮ್ಮ ಅಂಕಿ ನೋಡಿ ಬರೆಯಿರಿ, ಮುಂದೆ ಮಾತಾಡೋಣ.

ಸಾಗರದ ಸದಸ್ಯರು:
ನೋಡಿದೆ ಸರ್. ಮೂರಕ್ಕೆ 0818 ಅಂತಿದೆ. ಎಡಗಡೆ ಹಿಂದಿನದು 2921. ಕಲ್ಲು ತಾಗಿ ಸೈಡ್ ಹರಿದಿತ್ತು, ಆಗ ಹಾಕಿಸಿದ್ದು. ಸ್ಟೆಪ್ನಿಯೂ 0818, ಅದನ್ನ ಇಳಿಸೇ ಇಲ್ಲ. ಹಳೇ ಮೂರರಲ್ಲೂ ನೀವಂದ ಬಿರುಕು ಗ್ರೂವಿನ ತಳದಲ್ಲಿ ಕಾಣುತ್ತೆ. ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ.

ಹಾಸನ:
ಹಾಗಿದ್ದರೆ ಅಂಗಡಿಯವರು ಹೇಳಿದ್ದು ಮುಕ್ಕಾಲು ಪಾಲು ಸರಿ. 2018ರ ಫೆಬ್ರವರಿ ಟೈರುಗಳು ಹೋಗಲೇಬೇಕು. ಪೇಟೆಗೆ ಹೋಗಿ ಬರೋಕೆ ಇನ್ನೂ ನಡೆಸಬಹುದು ಅನ್ನಿಸಬಹುದು. ಆದರೆ ಅದೇ ಕಾರು ಬೆಂಗಳೂರಿಗೂ ಹೋಗುತ್ತಲ್ಲ. ತುಮಕೂರು ರಸ್ತೆಯಲ್ಲಿ ಮೂರು ಗಂಟೆ ಬಿಸಿಯಾಗಿ ಓಡುವಾಗ ಒಣಗಿದ ರಬ್ಬರ್ ಪದರ ಬಿಟ್ಟುಕೊಳ್ಳೋದು.

2921 ಎಸೀಬೇಡಿ. ನಾಲ್ಕು ಹೊಸದು ಹಾಕಿಸಿ ಅದನ್ನ ಸ್ಟೆಪ್ನಿ ಮಾಡಿಕೊಳ್ಳಿ, ಹಳೇ ಸ್ಟೆಪ್ನಿಯನ್ನ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ. ಡಿಕ್ಕಿಯಲ್ಲಿ ಮಲಗಿದ್ದ ಮಾತ್ರಕ್ಕೆ ಅದಕ್ಕೆ ವಯಸ್ಸಾಗಿಲ್ಲ ಅಂತಲ್ಲ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೇ ರೇಟ್ ಪಟ್ಟಿ ತೋರಿಸಿದರೆ ಒಪ್ಪಬೇಡಿ ಅಂತ ಅಪ್ಪನಿಗೆ ಹೇಳಿ, ಅವರಿಗೆ ಖುಷಿ ಆಗಬಹುದು.

ಟ್ಯಾಕ್ಸಿ ಚಾಲಕರು (ಬೆಂಗಳೂರು):
ಅಣ್ಣ, ಇದೆಲ್ಲ ಮನೆ ಕಾರಿನವರ ಚಿಂತೆ. ನಾನು ಏರ್‌ಪೋರ್ಟ್ ಡ್ಯೂಟಿ. ಒಂದು ಸೆಟ್ಟಲ್ಲಿ 70 ಸಾವಿರ ತೆಗೆದಿದ್ದೀನಿ. ಡೇಟ್ ನೋಡ್ಕೊಂಡು ಕೂತಿದ್ರೆ ಹೊಟ್ಟೆ ತುಂಬಲ್ಲ.

ಹಾಸನ:
ನಿಮ್ಮ ಟೈರ್ ಒಣಗೋಕೆ ಪುರುಸೊತ್ತೇ ಇಲ್ಲ ಬ್ರದರ್, ಎರಡು ವರ್ಷದೊಳಗೆ ಸವೆದೇ ಹೋಗುತ್ತೆ. ಒಂದೇ ವೇಗದ ಹೈವೇ ಓಟ, ಸರಿಯಾದ ಗಾಳಿ, ಹತ್ತು ಸಾವಿರಕ್ಕೊಮ್ಮೆ ಹಿಂದುಮುಂದು ಬದಲಾವಣೆ ಇದ್ದರೆ 70 ಸಾವಿರ ಬರೋದು ಆಶ್ಚರ್ಯವಲ್ಲ. ಗುಂಡಿ, ಹಂಪು, ಸಿಗ್ನಲ್ ಅಂತ ಬ್ರೇಕ್ ಒತ್ತುತ್ತಲೇ ಓಡೋ ಮನೆ ಕಾರಿಗೆ ಸಾಮಾನ್ಯವಾಗಿ ನಲವತ್ತರಿಂದ ಐವತ್ತು ಸಾವಿರ. ನಿಮಗೆ ಡೇಟ್ ಬೇಡ, ಆಳ ಬೇಕು. ಟೈರಿನ ಭುಜದ ಮೇಲೆ ಟಿ-ಡಬ್ಲ್ಯೂ-ಐ ಅಂತಲೋ ಒಂದು ಪುಟ್ಟ ತ್ರಿಕೋನವೋ ಇರುತ್ತೆ. ಅದರ ನೇರಕ್ಕೆ ಗ್ರೂವಿನೊಳಗೆ ಅಡ್ಡ ದಿಣ್ಣೆ. ಅದರ ಎತ್ತರ 1.6 ಮಿಲಿಮೀಟರ್. ಮೇಲಿನ ರಬ್ಬರ್ ಸವೆದು ಆ ದಿಣ್ಣೆಗೆ ಸಮ ಆಯಿತು ಅಂದರೆ ಕಾನೂನಿನ ಪ್ರಕಾರವೂ ಟೈರ್ ಮುಗಿಯಿತು. ಹೊಸದಾಗಿದ್ದಾಗ ಆಳ ಏಳೆಂಟು ಮಿಲಿಮೀಟರ್ ಇರುತ್ತೆ.

ಆದರೆ ಆ 1.6ರವರೆಗೆ ಕಾಯಬೇಡಿ ಅನ್ನೋದು ನನ್ನ ಅಭಿಪ್ರಾಯ, ಅದರಲ್ಲೂ ಮಲೆನಾಡು, ಕರಾವಳಿಯವರು. ಗ್ರೂವ್ ಇರೋದೇ ಚಕ್ರದ ಕೆಳಗಿನ ನೀರನ್ನ ಹೊರಗೆ ದೂಡೋಕೆ. ಅದು ಆಳ ಕಳೆದುಕೊಂಡ ಮೇಲೆ ವೇಗದಲ್ಲಿ ಹೋದರೆ ನೀರು ಆಚೆ ಹೋಗೋಕೆ ಜಾಗ ಸಿಗದೆ ಟೈರನ್ನೇ ಎತ್ತಿಬಿಡುತ್ತೆ. ಸ್ಟೀರಿಂಗ್ ದಿಢೀರ್ ಅಂತ ಹಗುರ ಆಗುತ್ತೆ, ಬ್ರೇಕ್ ಒತ್ತಿದರೂ ಕಾರು ತನ್ನ ಪಾಡಿಗೆ ಜಾರುತ್ತೆ. 3 ಮಿಲಿಮೀಟರಿಗೆ ಬಂದಿದ್ದರೆ ಮೇ ತಿಂಗಳಲ್ಲೇ ಬದಲಾಯಿಸಿ.

ಕಲಬುರಗಿಯ ಸದಸ್ಯರು:
ನಮ್ಮ ಕಡೆ ಬ್ಯಾಸಗಿ ಬಂತಂದ್ರ ಗಾಳಿ ಎರಡು ಮೂರು ಪಾಯಿಂಟ್ ಕಡಿಮಿ ಹಿಡಸ್ತಾರ್ರಿ, ಇಲ್ಲಂದ್ರ ಬಿಸಿಗೆ ಟೈರ್ ಸಿಡೀತೈತಿ ಅಂತಾರ. ಖರೇ ಏನ್ರಿ?

ಹಾಸನ:
ಖಂಡಿತ ಸುಳ್ಳು ಸರ್, ಮತ್ತು ಈ ಒಂದು ನಂಬಿಕೆಯೇ ಬೇಸಿಗೆಯಲ್ಲಿ ಟೈರ್ ಸಿಡಿಸೋದು. ಗಾಳಿ ಕಮ್ಮಿ ಇದ್ದರೆ ಸೈಡ್‌ವಾಲ್ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತೆ. ಮಡಚಿದಷ್ಟೂ ಒಳಗೆ ಬಿಸಿ. ಅದರ ಮೇಲೆ 42 ಡಿಗ್ರಿ ಬಿಸಿಲು, ಐದು ಜನ, ಡಿಕ್ಕಿ ತುಂಬ ಲಗೇಜು, ನೂರರ ವೇಗ ಸೇರಿದರೆ ಒಳಗಿನ ದಾರಗಳು ಕೈಬಿಡುತ್ತವೆ. ಓಡಿದ ಮೇಲೆ ಗಾಳಿ ನಾಲ್ಕೈದು ಪಿಎಸ್‌ಐ (ನೀವಂದ ಪಾಯಿಂಟೇ) ಏರೋದು ಸಹಜ, ಕಂಪನಿಯವರು ಆ ಏರಿಕೆಯನ್ನ ಮೊದಲೇ ಲೆಕ್ಕ ಹಿಡಿದು ಅಂಕಿ ಕೊಟ್ಟಿರ್ತಾರೆ. ಬಿಸಿ ಟೈರಿಂದ ಗಾಳಿ ಬಿಡಬೇಡಿ. ಬೆಳಗ್ಗೆ ಗಾಡಿ ತಣ್ಣಗಿದ್ದಾಗ ಚೆಕ್ ಮಾಡಿಸಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ, ಅಲ್ಲಿರೋ ಅಂಕಿ ಹಿಡಿಸಿ. ಟೈರಿನ ಮೇಲೆ ಬರೆದಿರೋ ಪಿಎಸ್‌ಐ ಆ ಟೈರ್ ತಡೆಯೋ ಗರಿಷ್ಠ ಮಿತಿ, ಅದು ನಿಮ್ಮ ಕಾರಿಗೆ ಹೇಳಿದ್ದಲ್ಲ. ಗಾಳಿ ಹಿಡಿಯೋ ಹುಡುಗರಲ್ಲೇ ಕೆಲವರು ಅದನ್ನ ನೋಡಿ ತುಂಬ್ತಾರೆ.

ನೈಟ್ರೋಜನ್ ಬಗ್ಗೆ ಒಬ್ಬರು ಇನ್‌ಬಾಕ್ಸಿಗೆ ಬಂದು ಕೇಳಿದ್ದರು, ಅದಕ್ಕೂ ಇಲ್ಲೇ ಹೇಳ್ತೀನಿ. ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ಉಚಿತ ಇದ್ದರೆ ಹಾಕಿಸಿ, ದುಡ್ಡು ಕೇಳಿದರೆ ಆ ದುಡ್ಡಲ್ಲಿ ಒಂದು ಪ್ರೆಶರ್ ಗೇಜ್ ತಗೊಳ್ಳಿ.

ಪುತ್ತೂರಿನ ಸದಸ್ಯರು:
ನನ್ನದು ಬೇರೆ ಕಥೆ ಮಾರಾಯ್ರೇ. ಟೈರ್ ಹಾಕಿ ಒಂದು ವರ್ಷ ಆದದ್ದಷ್ಟೆ. ಶಿರಾಡಿಯಲ್ಲಿ ಒಂದು ಗುಂಡಿಗೆ ಬಿದ್ದಿತ್ತು, ಈಗ ಸೈಡಲ್ಲಿ ನಿಂಬೆಹಣ್ಣಿನಷ್ಟು ಉಬ್ಬಿಕೊಂಡಿದೆ. ಗಾಳಿ ಇಳಿಯುವುದಿಲ್ಲ. ಮಳೆ ಮುಗಿಯುವವರೆಗೆ ಓಡಿಸಬಹುದಾ?

ಹಾಸನ:
ಒಂದು ದಿನವೂ ಓಡಿಸಬೇಡಿ. ಘಾಟಿ ಹತ್ತಿ ನಮ್ಮ ಅಂಗಡಿಗೆ ಬರೋ ಕಾರುಗಳಲ್ಲಿ ಇದು ದಿನನಿತ್ಯ ನೋಡೋ ಸಂಗತಿ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸೈಡ್‌ವಾಲ್ ಸಿಕ್ಕಿ ನಜ್ಜಾದಾಗ ಒಳಗಿನ ಪಾಲಿಯೆಸ್ಟರ್ ದಾರ ತುಂಡಾಗುತ್ತೆ. ಆ ಜಾಗದಲ್ಲಿ ಗಾಳಿ ತಡೆದಿರೋದು ಬರೀ ರಬ್ಬರ್. ಅದಕ್ಕೇ ಉಬ್ಬಿರೋದು. ಗಾಳಿ ಇಳಿಯುತ್ತಿಲ್ಲ ಅನ್ನೋದು ಸಮಾಧಾನದ ವಿಷಯ ಅಲ್ಲ, ಇಳಿಯೋದಿದ್ದರೆ ಒಂದೇ ಸಲ ಇಳಿಯೋದು. ಇದಕ್ಕೆ ಪ್ಯಾಚಿಲ್ಲ, ರಿಪೇರಿಯಿಲ್ಲ. ಈಗಲೇ ಸ್ಟೆಪ್ನಿ ಹಾಕಿ. ಮಾಮೂಲಿ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ, ಪೆಟ್ಟು ಬಿದ್ದದ್ದಕ್ಕೆ ಸಿಗಲ್ಲ. ಕೆಲವು ಮಾಡೆಲ್‌ಗಳಿಗೆ ಷರತ್ತಿಲ್ಲದ ವಾರಂಟಿ ಕೊಡ್ತಾರೆ, ಬಿಲ್ ಹುಡುಕಿ ನೋಡಿ.

ಮೈಸೂರಿನ ಸದಸ್ಯರು:
ನಮ್ಮೂರಿನ ವಿಕ್ರಾಂತ್ ಫ್ಯಾಕ್ಟರಿ, ಈಗ ಜೆಕೆಯವರದ್ದು, ಅಲ್ಲಿ ಕೆಲಸ ಮಾಡಿದ್ದ ನಮ್ಮ ದೊಡ್ಡಪ್ಪ ಲಾರಿ ಟೈರನ್ನ ರೀಟ್ರೆಡ್ ಮಾಡಿಸಿ, ಅಂದರೆ ಸವೆದ ಮೈಗೆ ಹೊಸ ರಬ್ಬರ್ ಕೂರಿಸಿ, ಎರಡು ಮೂರು ಸಲ ಓಡಿಸ್ತಾರೆ ಅಂತಿದ್ದರು. ಕಾರಿಗೂ ಹಾಗೆ ಮಾಡಬಹುದಲ್ವಾ? ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್?

ಹಾಸನ:
ಲಾರಿ ಟೈರಿನ ಒಡಲನ್ನೇ ಅದಕ್ಕಾಗಿ ಗಟ್ಟಿಯಾಗಿ ಕಟ್ಟಿರ್ತಾರೆ, ಕಾರಿಂದು ಹಾಗಲ್ಲ, ನಾನು ಹಾಕಿಕೊಡಲ್ಲ. ಸೆಕೆಂಡ್ ಹ್ಯಾಂಡಲ್ಲಿ ದೊಡ್ಡ ಮೋಸ ಇದೆ: ಬೋಳಾದ ಟೈರಿಗೆ ಬಿಸಿ ಬ್ಲೇಡಲ್ಲಿ ಹೊಸ ಗ್ರೂವ್ ಕೊರೆದು, ಕಪ್ಪು ಪಾಲಿಶ್ ಬಳಿದು ಇಡ್ತಾರೆ. ಗ್ರೂವಿನೊಳಗೆ ಬೆರಳಿಟ್ಟು ಆ 1.6ರ ದಿಣ್ಣೆ ಹುಡುಕಿ. ಎಲ್ಲೂ ಸಿಗದಿದ್ದರೆ ಅದನ್ನ ಕೊರೆದು ಹಾಕಿದ್ದಾರೆ ಅಂತ ತಿಳಿಯಿರಿ.

ಸಾಗರದ ಸದಸ್ಯರು:
ಸರ್, ಅಪ್ಪ ಅರ್ಧ ದಾರಿಗೆ ಬಂದಿದ್ದಾರೆ. "ಈಗ ಎರಡು ಹಾಕಿಸೋಣ, ಮುಂದಿನ ವರ್ಷ ಎರಡು" ಅಂತಾರೆ. ಎರಡಾದರೆ ಮುಂದಕ್ಕೇ ಹಾಕಿಸಬೇಕಲ್ವಾ?

ಹಾಸನ:
ಎಲ್ಲರೂ ಹಾಗೇ ಅಂದುಕೊಳ್ತಾರೆ, ಇಂಜಿನ್ ಎಳೆಯೋದು, ಸ್ಟೀರಿಂಗ್ ತಿರುಗೋದು ಮುಂದೆ ತಾನೇ ಅಂತ. ಆದರೆ ಹೊಸದು ಹಿಂದಕ್ಕೆ ಹೋಗಬೇಕು. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತೆ, ಆಕ್ಸಿಲರೇಟರ್ ಬಿಟ್ಟರೆ ಬಹುತೇಕ ಹಿಡಿತಕ್ಕೆ ಬರುತ್ತೆ. ಹಿಂದಿನದು ಜಾರಿದರೆ ಗಿರ್ರ್ ಅಂತ ತಿರುಗುತ್ತೆ. ಅದನ್ನ ಸಂಭಾಳಿಸೋದು ನುರಿತ ಡ್ರೈವರಿಗೂ ಕಷ್ಟ.

ಆದರೆ ನಿಮ್ಮ ಕೇಸಲ್ಲಿ ಕಂತು ಬೇಡ. ಎರಡೇ ಹಾಕಿಸಿದರೆ 2018ರ ಟೈರ್ ಒಂದಾದರೂ ಉಳಿಯುತ್ತೆ, ಜೊತೆಗೆ ಒಂದೇ ಆಕ್ಸಲ್ಲಿಗೆ ಹಳೇದೊಂದು, 2921 ಒಂದು ಅಂತ ಬೆರಕೆ ಆಗುತ್ತೆ. ನಾಲ್ಕೂ ಹಾಕಿಸಿ. ಈಗಿರೋ ಸೈಜ್ ಹಾಗೇ ಇರಲಿ, ಅಗಲ ಜಾಸ್ತಿ ಮಾಡಿಸೋ ಆಸೆ ಬೇಡ, ಮೈಲೇಜ್ ಇಳಿಯುತ್ತೆ. ಸೈಜಿನ ಪಕ್ಕದ ಅಂಕಿ ಮತ್ತು ಅಕ್ಷರ, ಉದಾಹರಣೆಗೆ 85ಟಿ ಅಂತಿದ್ದರೆ, ಅದು ಭಾರದ, ವೇಗದ ಮಿತಿ. ಹೊಸದರಲ್ಲಿ ಅದಕ್ಕಿಂತ ಕಮ್ಮಿ ಇರಬಾರದು. ಐಎಸ್‌ಐ ಗುರುತು ನೋಡಿ. ರಿಮ್ಮಿಗೆ ಹತ್ತಿಸೋ ಮುಂಚೆಯೇ ಡೇಟ್ ಓದಿ, ಆರು ತಿಂಗಳೊಳಗಿನದು ಕೇಳಿ, ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ರಬ್ಬರ್ ವಾಲ್ವ್ ನಾಲ್ಕೂ ಹೊಸದಾಗಬೇಕು. ಅದರ ರೇಟು ಕೇಳಿದರೆ ಅಪ್ಪನೂ ಚೌಕಾಸಿ ಮಾಡಲ್ಲ.