ತರಗತಿಯಲ್ಲಿ ವಿಕಿ, ಬ್ಲಾಗ್: ಮೇಷ್ಟ್ರುಗಳ ಪ್ರಶ್ನೆ, ನಿರ್ವಾಹಕಿಯ ಉತ್ತರ

(ಶಿಕ್ಷಕರ ಗುಂಪಿನ ಮಾತುಕತೆ. ಕೇಳುವವರ ಹೆಸರಿನ ಬದಲು ಅವರ ಊರು ಕೊಟ್ಟಿದೆ. ಉತ್ತರಿಸುವ 'ಮೇಡಂ': ಕನ್ನಡ ವಿಕಿಪೀಡಿಯದ ನಿರ್ವಾಹಕಿ, ಕಾಲೇಜು ಅಧ್ಯಾಪಕಿ)

ಹಾಸನ: ನಮಸ್ಕಾರ ಮೇಡಂ. ಲ್ಯಾಬಿನಲ್ಲಿ 40 ಮಕ್ಕಳಿಗೆ ವಿಕಿಪೀಡಿಯ ಖಾತೆ ಮಾಡಿಸ್ತಿದ್ದೆ. ಆರು ಜನರದ್ದಾದ ಮೇಲೆ ನಿಂತೇಹೋಯ್ತು.

ಮೇಡಂ: ನಮಸ್ಕಾರ ಸರ್. ಒಂದು ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ದಿನಕ್ಕೆ 6 ಖಾತೆ ಮಾತ್ರ. ಲ್ಯಾಬಿನ ಕಂಪ್ಯೂಟರುಗಳೆಲ್ಲ ಸಾಮಾನ್ಯವಾಗಿ ಹೊರಗೆ ಒಂದೇ ಐಪಿಯಾಗಿ ಕಾಣುತ್ತವೆ. ಮಕ್ಕಳು ಹಿಂದಿನ ದಿನವೇ ತಮ್ಮ ಮೊಬೈಲ್ ಡೇಟಾದಲ್ಲಿ ಖಾತೆ ತೆರೆದು ಬರಲಿ. ಇಮೇಲ್ ಕೊಟ್ಟಿರಲೇಬೇಕು, ಇಲ್ಲದಿದ್ದರೆ ಪಾಸ್‌ವರ್ಡ್ ಮರೆತವರ ಖಾತೆ ಹೋದಂತೆಯೇ.

ತುಮಕೂರು: ಇದು ಬಂದಿತ್ತು, ಫಾರ್ವರ್ಡ್ ಮಾಡ್ತಿದ್ದೇನೆ: "ವಿಪಿಎನ್ ಹಾಕಿ, ಎಷ್ಟು ಬೇಕಾದರೂ ಖಾತೆ ತೆರೆಯಿರಿ. ಆಗದಿದ್ದರೆ ಇಡೀ ತರಗತಿಗೆ ಒಂದೇ ಖಾತೆ ಸಾಕು."

ಮೇಡಂ: ಎರಡೂ ಬೇಡ. ವಿಪಿಎನ್ ನಿಜವಾದ ಐಪಿಯನ್ನು ಮರೆಮಾಚುತ್ತದೆ, ಅಂಥ ವಿಳಾಸಗಳನ್ನು ವಿಕಿಪೀಡಿಯ ಸಾಮಾನ್ಯವಾಗಿ ತಡೆಯುತ್ತದೆ. ಒಂದೇ ಖಾತೆಯಲ್ಲಿ 40 ಜನ ಬರೆದರೆ ಯಾವ ಸಾಲು ಯಾರದ್ದೆಂದು 'ಇತಿಹಾಸ' ಪುಟ ಹೇಳುವುದಿಲ್ಲ. ಅಂಕ ಯಾರಿಗೆ ಕೊಡ್ತೀರಿ? ಒಬ್ಬ ತಪ್ಪು ಮಾಡಿದರೆ ಖಾತೆ ಬಂದ್ ಆಗಿ ನಲವತ್ತೂ ಜನ ಹೊರಗೆ.

ಮಂಡ್ಯ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನ ವಿಕಿಗೆ ಪೇಸ್ಟ್ ಮಾಡಿದ್ರೆ ಏನೇನೋ ಅಕ್ಷರ ಬರುತ್ತೆ.

ಮೇಡಂ: ಆಸ್ಕಿ ಫಾಂಟು ಅದು, ಆ ಫಾಂಟು ಇಲ್ಲದ ಕಡೆ ಅಕ್ಷರ ಕೆಡುತ್ತದೆ. ಎಲ್ಲ ಕಡೆ ಒಂದೇ ರೀತಿ ಕಾಣುವ ಯೂನಿಕೋಡಿಗೆ ಪರಿವರ್ತಿಸಿ ಪೇಸ್ಟ್ ಮಾಡಿ.

ಶಿವಮೊಗ್ಗ: ಮೇಡಂ, ಬಿ.ಎಸ್‌ಸಿ.ಯ 60 ವಿದ್ಯಾರ್ಥಿಗಳಿಗೆ ತಲಾ ಒಂದು ಇಂಗ್ಲಿಷ್ ಲೇಖನ ಅನುವಾದಿಸಲು ಕೊಟ್ಟಿದ್ದೆ. ಕನಿಷ್ಠ 10,000 ಬೈಟು, ಇಂಟರ್ನಲ್ಸ್‌ಗೆ 10 ಅಂಕ. ಈಗ 22 ಲೇಖನಗಳಿಗೆ 'ಅಳಿಸಿ' ಎಂಬ ಫಲಕ ಬಿದ್ದಿದೆ. ಮಕ್ಕಳ ಶ್ರಮ ಉಳಿಸಿಕೊಡಿ.

ಮೇಡಂ: ಮೂರು ಲೇಖನ ತೆರೆದು ನೋಡಿದೆ ಸರ್. ಪವರ್ ಪ್ಲಾಂಟ್ 'ವಿದ್ಯುತ್ ಸಸ್ಯ' ಆಗಿದೆ. ಯಂತ್ರಾನುವಾದವನ್ನು ಓದದೆ ಅಂಟಿಸಿದ್ದಾರೆ. ಆದರೆ ತಪ್ಪು ಮಕ್ಕಳದ್ದಲ್ಲ, ಕೊಟ್ಟ ಕೆಲಸದ್ದು.

ಬೈಟು (ಕಂಪ್ಯೂಟರಿನಲ್ಲಿ ಬರಹ ಹಿಡಿಯುವ ಜಾಗದ ಅಳತೆ) ಎಣಿಸಿ ಅಂಕ ಕೊಡಬೇಡಿ. ವಿಕಿಪೀಡಿಯದ ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು. 'ಹುಲಿ'ಯಲ್ಲಿ ಹ, ಉಕಾರ, ಲ, ಇಕಾರ ಸೇರಿ 12 ಬೈಟು. 'ಕ್ಷಾ' ಒಂದಕ್ಕೇ 12. ನಿಮ್ಮ 10,000 ಬೈಟು ಅಂದರೆ ಸುಮಾರು 400 ಪದ. ಕೋಷ್ಟಕ, ಮಾಹಿತಿಚೌಕ, ಉಲ್ಲೇಖದ ಟೆಂಪ್ಲೇಟೂ ಆ ಎಣಿಕೆಗೆ ಸೇರುತ್ತವೆ. ಒಂದು ಸಾಲೂ ಬರೆಯದೆ ಕೋಷ್ಟಕ ತುಂಬಿ ಗುರಿ ಮುಟ್ಟಬಹುದು, ಕೆಲವರು ಹಾಗೇ ಮಾಡಿದ್ದಾರೆ.

ಈಗ ಮಾಡಬೇಕಾದ್ದು: ಫಲಕವನ್ನು ಯಾರೂ ಕಿತ್ತುಹಾಕಬಾರದು. ಪುಟಗಳನ್ನು ಆಯಾ ವಿದ್ಯಾರ್ಥಿಯ ಪ್ರಯೋಗಪುಟಕ್ಕೆ (ಬರೆದು ಅಭ್ಯಾಸ ಮಾಡುವ ಸ್ವಂತ ಪುಟ) ಸರಿಸಲು ಕೋರಿ. ಅಳಿಸಿದ ಪುಟವನ್ನೂ ನಿರ್ವಾಹಕರು ಅಲ್ಲಿಗೆ ಮರಳಿಸಬಲ್ಲರು. ಆಮೇಲೆ ನಾಲ್ಕು ವಾರ. ಮೊದಲ ವಾರ ಈಗಿರುವ ಲೇಖನದಲ್ಲಿ ಐದು ತಪ್ಪು ತಿದ್ದಿ ಎರಡು ಉಲ್ಲೇಖ ಸೇರಿಸುವುದು. ಎರಡನೆಯದು ಪ್ರಯೋಗಪುಟದಲ್ಲಿ 150 ಪದ. ಮೂರನೆಯ ವಾರ ಜೊತೆಯವರ ಬರಹ ಓದಿ ಚರ್ಚೆಪುಟದಲ್ಲಿ ಸಹಿ ಸಮೇತ ಟಿಪ್ಪಣಿ. ನೀವು ನೋಡಿದ ಮೇಲಷ್ಟೇ, ನಾಲ್ಕನೆಯ ವಾರ, ವಿಕಿಪೀಡಿಯದ ಲೇಖನ ಪುಟಕ್ಕೆ. ಉಲ್ಲೇಖಕ್ಕೆ 4 ಅಂಕ, ಭಾಷೆಗೆ 4, ಚರ್ಚೆಗೆ 2. ಅನುವಾದವಾದರೆ ಉಳಿಸುವಾಗ ಸಾರಾಂಶದ ಪೆಟ್ಟಿಗೆಯಲ್ಲಿ ಮೂಲ ಲೇಖನದ ಕೊಂಡಿ ಇರಲೇಬೇಕು, ಪರವಾನಗಿಯ ಷರತ್ತು ಅದು. ಅರವತ್ತೂ ಲೇಖನ ಕೊನೇ ದಿನದ ರಾತ್ರಿ ಬಂದು ಬೀಳದಿರಲಿ. ನೋಡುವ ಸ್ವಯಂಸೇವಕರು ಬೆರಳೆಣಿಕೆಯಷ್ಟು.

ಧಾರವಾಡ: ಭಾಷೆಗೆ 4 ಅಂಕ ಅಂದ್ರಿ. ಫೋಟೋಸಿಂಥೆಸಿಸ್‌ಗೆ 'ದ್ಯುತಿಸಂಶ್ಲೇಷಣೆ' ಅಂತ ಬರೆದವನಿಗೆ ಎಷ್ಟು ಕೊಡಬೇಕ್ರೀ? ಯಾರಿಗೆ ತಿಳೀತದ ಅದು? 'ಬೆಳಕಿನಡುಗೆ' ಅನ್ನಲಿ.

ಮಂಗಳೂರು: ಪಠ್ಯಪುಸ್ತಕದಲ್ಲಿರುವುದೇ ಆ ಪದ. ಪರೀಕ್ಷೆಯಲ್ಲಿ ಅಡುಗೆ ಮಾಡಿದರೆ ಅಂಕ ನೀವು ಕೊಡುತ್ತೀರಾ?

ಧಾರವಾಡ: ಸಂಸ್ಕೃತ ತುಂಬಿ ತುಂಬಿ ಹುಡುಗರು ವಿಜ್ಞಾನ ಅಂದ್ರ ಓಡಿಹೋಗೂಹಂಗ ಮಾಡೀರಿ.

ಮಂಗಳೂರು: ಕಲಿಸಲು ಬಾರದವರು ಪದದ ಮೇಲೆ ತಪ್ಪು ಹಾಕುವುದು ಸುಲಭ.

ಮೇಡಂ: ಶೀರ್ಷಿಕೆಗೆ ಪಠ್ಯದ ಪದ, ಇನ್ನೊಂದಕ್ಕೆ ಪುನರ್ನಿರ್ದೇಶನ ಪುಟ (ಆ ಹೆಸರಲ್ಲಿ ಹುಡುಕಿದವರನ್ನು ಇದೇ ಲೇಖನಕ್ಕೆ ತರುವ ಪುಟ). ಮೊದಲ ಸಾಲಿನಲ್ಲೇ ಅರ್ಥ ಬಿಡಿಸಿ ಬರೆದರೆ ಸಾಕು.

ಸಿರಸಿ: ಎಂಟನೇ ತರಗತಿಗೆ ಬ್ಲಾಗ್ ಮಾಡಿಸಬಹುದಾ ಮೇಡಂ?

ಮೇಡಂ: ಮಗುವಿಗೊಂದು ಬ್ಲಾಗ್ ಬೇಡ, ತರಗತಿಗೊಂದು ಸಾಕು. 13 ತುಂಬದವರು ಗೂಗಲ್ ಖಾತೆಯನ್ನು ತಾವೇ ತೆರೆಯುವಂತಿಲ್ಲ. ಮಕ್ಕಳು ಹಾಳೆಯಲ್ಲಿ ಬರೆಯಲಿ, ನಿಮ್ಮ ಖಾತೆಯಿಂದ ನೀವು ಏರಿಸಿ. ಪ್ರತಿ ಕಾಮೆಂಟೂ ನೀವು ನೋಡಿ ಒಪ್ಪಿದ ಮೇಲೇ ಕಾಣುವಂತಿರಲಿ. ಪೂರ್ತಿ ಹೆಸರು, ಮುಖದ ಫೋಟೋ ಬೇಡ. ಪೋಷಕರ ಒಪ್ಪಿಗೆ ಬರಹದಲ್ಲಿರಲಿ.

ಧಾರವಾಡ: ಕಲಿಸಾಕ ಬರೂದಿಲ್ಲ ಅಂದ್ರೆಲ್ಲ, ಆ ಮಾತು ಮೊದಲು ವಾಪಸ್ ತಗೋರಿ.

ಬೀದರ್: ವಿಕಿಸೋರ್ಸ್‌ನಲ್ಲಿ (ಹಳೆಯ ಪುಸ್ತಕಗಳ ವಿಕಿ) ಹಳಗನ್ನಡ ಪುಟ ತಿದ್ದಿಸುವಾಗ ಱ, ೞ ಹೇಗೆ ಟೈಪ್ ಮಾಡಿಸೋದು?

ಮಂಗಳೂರು: ವಾಪಸ್ ತೆಗೆದುಕೊಳ್ಳುವಂಥದ್ದು ಏನೂ ಹೇಳಿಲ್ಲ.

ಕೋಲಾರ: ನುಡಿಯಿಂದ ಪೇಸ್ಟ್ ಮಾಡಿದ್ರೆ ಅಕ್ಷರ ಕೆಡುತ್ತೆ, ಏನು ಮಾಡ್ಲಿ?

ಮೇಡಂ: ಮೇಲೆ ಹೇಳಿದೆ.

ತುಮಕೂರು: ಇನ್ನೊಂದು ಫಾರ್ವರ್ಡ್ ಇದೆ: "ನೂರಕ್ಕೆ 30 ಪದ ಬದಲಿಸಿದರೆ ಕಾಪಿರೈಟ್ ಬರುವುದಿಲ್ಲ."

ಮೇಡಂ: ಸುಳ್ಳು. ಅಂಥ ಶೇಕಡಾ ಲೆಕ್ಕ ಕಾನೂನಿನಲ್ಲಿಲ್ಲ. ಪುಸ್ತಕ ಮುಚ್ಚಿಟ್ಟು ತಮ್ಮ ವಾಕ್ಯದಲ್ಲಿ ಬರೆದು, ಪುಟಸಂಖ್ಯೆ ಸಮೇತ ಉಲ್ಲೇಖ ಕೊಡಬೇಕು. ಇಂಥವನ್ನು ಪರೀಕ್ಷಿಸದೆ ಇಲ್ಲಿ ಹಾಕಬೇಡಿ. ಇದನ್ನು ನಂಬಿ ಬರೆದ ಮಗುವಿನ ಪುಟ ಅಳಿಸಬೇಕಾದವಳು ನಾನು.

ತುಮಕೂರು: ಬಂದದ್ದನ್ನ ಹಾಕಿದೆ ಅಷ್ಟೇ, ಇಷ್ಟು ಸಿಟ್ಟು ಯಾಕೆ?

ಶಿವಮೊಗ್ಗ: ಮೇಡಂ, 22 ಪುಟಗಳ ಪಟ್ಟಿ ನಿಮಗೆ ಇಲ್ಲೇ ಕಳಿಸಲಾ?

ಮೇಡಂ: ಇಲ್ಲಿ ಬೇಡ ಸರ್. ವಿಕಿಪೀಡಿಯದ ಅರಳಿಕಟ್ಟೆಯಲ್ಲಿ (ಎಲ್ಲರೂ ಚರ್ಚಿಸುವ ಪುಟ) ಹಾಕಿ, ಉಳಿದ ನಿರ್ವಾಹಕರೂ ನೋಡುತ್ತಾರೆ. ಪುಟದ ಹೆಸರಿನ ಮುಂದೆ ವಿದ್ಯಾರ್ಥಿಯ ಬಳಕೆದಾರ ಹೆಸರು. ಇವತ್ತೇ ಹಾಕಿ.