ಊರಿನ ನೀರು ಅಳೆಯೋದು ಹ್ಯಾಂಗ? ಬಾವಿ, ಬೋರು, ಝರಿ: ಅನುಭವ ಇದ್ದವರು ಹೇಳ್ರಿ

ಔರಾದ್ ಕಡೆಯವ: ಊರಾಗ 3,000 ಮಂದಿ. ಒಂದು ತೆರೆದ ಬಾವಿ, ಎರಡು ಬೋರು, ಗುಡ್ಡದ ಬುಡಕ ಒಂದು ಝರಿ. ಜಲ ಜೀವನ್ ಲೆಕ್ಕದಾಗ ತಲೆಗೆ 55 ಲೀಟರ್ ಅಂದ್ರ ದಿನಕ್ಕ 1,65,000 ಬೇಕು. ಅಷ್ಟು ಅದನೋ ಇಲ್ಲೋ ತಿಳಿಯೋದು ಹ್ಯಾಂಗ್ರಿ?

ಹುಮನಾಬಾದಿನವ: ಝರಿ ಮೊದಲು ಅಳೀರಿ. ಸಣ್ಣದಿದ್ರ 20 ಲೀಟರಿನ ಬಕೆಟ್, ಮೊಬೈಲ್ ಗಡಿಯಾರ ಸಾಕು. ಐದು ಸೆಕೆಂಡಿನ ಒಳಗ ಬಕೆಟ್ ತುಂಬಿದ್ರ ಬ್ಯಾಡ, ಅರ್ಧ ಸೆಕೆಂಡ್ ಕೈ ತಡ ಆದ್ರೂ ಹತ್ತು ಪರ್ಸೆಂಟ್ ತಪ್ತದ. ಆವಾಗ ತಗಡಿಗೆ 90 ಡಿಗ್ರಿ ವಿ-ನಾಚ್ (ಇಂಗ್ಲಿಷ್ ‘V’ ಆಕಾರದ ಕಚ್ಚು) ಕೊಯ್ಸಿ ಕಾಲುವಿಗೆ ಅಡ್ಡ ನಿಲ್ಲಸ್ರಿ, ಬುಡಕ್ಕ, ಬದಿಗೆ ಜೇಡಿಮಣ್ಣು ಮೆತ್ತಿ. ಸ್ಕೇಲು ನಾಚಿನ ಬಾಯಾಗ ಇಡಬ್ಯಾಡ್ರಿ, ಅಲ್ಲಿ ನೀರು ತಗ್ಗಿರ್ತದ. ನಾಚಿನ ತಳದ ಮೂಲಿಯಿಂದ ಮ್ಯಾಲ ನೀರು ಎಷ್ಟು ಎತ್ತರ ಅದನೋ, ಅದರ ನಾಕು ಪಟ್ಟು ಹಿಂದ ಇಟ್ಟು ಆ ಎತ್ತರ ಅಳೀರಿ. ಸೆಂ.ಮೀ. ಎತ್ತರದ 2.5ನೇ ಘಾತಕ್ಕ 0.0138 ಗುಣಿಸಿದ್ರ ಸೆಕೆಂಡಿನ ಲೀಟರ್. 5 ಸೆಂ.ಮೀ.ಗೆ 0.77, 10ಕ್ಕ 4.36. ಐದರಾಗ ಅರ್ಧ ಸೆಂ.ಮೀ. ತಪ್ಪಿದ್ರ ಕಾಲುಪಾಲು ಲೆಕ್ಕ ಹೋಯ್ತು. ಮಳಿಗಾಲದ ಅಳತಿ ಕಸ, ಏಪ್ರಿಲ್-ಮೇ ತಿಂಗಳದ್ದೇ ಖರೆ.

ಶಹಾಪುರದವ: ನಿಮ್ಮ ಬೀದರಿನಾಗ ಮ್ಯಾಲ ಜಂಬಿಟ್ಟಿಗೆ, ಕೆಳಗ ಕರಿಕಲ್ಲು. ನೀರು ಇಳಿದು ನಡುವ ಹೊರಗ ಬರ್ತದ, ಅದಕ್ಕ ಝರಿ ಮಾತಾಡ್ತೀರಿ. ನಮ್ಮ ಕಡೆ ಬರೇ ಬಂಡಿಗಲ್ಲು, ಬೋರೇ ಗತಿ. ಬೋರಿನವ "ಎರಡು ಇಂಚು ನೀರು" ಅಂದ, ಪಂಚಾಯ್ತಿಯವರು ಒಂದು ಇಂಚಿನ ದುಪ್ಪಟ್ಟು ಅಂತ ಬರಕೊಂಡ್ರು! ಆ ಇಂಚು ಅಂದ್ರ ನಾಚಿನಾಗಿನ ನೀರಿನ ಎತ್ತರ: ಒಂದು ಇಂಚಿಗೆ ತಾಸಿಗೆ ಸುಮಾರು 510 ಲೀಟರ್, ಎರಡಕ್ಕ 2,900, ಮೂರಕ್ಕ 7,950. ಅದೂ ಕಂಪ್ರೆಸರ್ ಊದಿದಾಗಿನ ನೀರು, ಬಿರುಕಿನಾಗ ಕೂತಿದ್ದೆಲ್ಲ ಒಮ್ಮಿಗೇ ಬರ್ತದ. ಮೋಟಾರ್ ಇಳಿಸಿ 24 ತಾಸು ಓಡಿಸ್ರಿ, ನೀರಿನ ಮಟ್ಟ ಒಂದು ಕಡೆ ನಿಂತಾಗ ಬರೋದೇ ಇಳುವರಿ. ಆರೂವರೆ ಇಂಚಿನ ಬೋರು ಮೀಟರಿಗೆ 21 ಲೀಟರ್ ಹಿಡೀತದ. ಮಟ್ಟ 50 ಮೀಟರ್ ಇಳಿದ್ರ ಸಾವಿರ ಲೀಟರ್ ಬರೇ ಬೋರಿನಾಗ ಕೂತಿದ್ದ ನೀರು, ಇಳುವರಿ ಅಲ್ಲ. ಜನರೇಟರ್ ತಾಸಿಗೆ ಮೂರು ಲೀಟರ್ ಡೀಸೆಲ್ ಕುಡಿದ್ರ 72 ಲೀಟರ್, ಬಾಡಿಗಿ ಬ್ಯಾರೆ.

ಹುಮನಾಬಾದಿನವ: ಅವ್ರು ಝರಿ ಅದ ಅಂದಾರ, ಅದಕ್ಕ ಹೇಳ್ದೆ. ನಿಮಗ್ಯಾಕ ಸಿಟ್ಟು?

ಆಳಂದದವ: ಇಬ್ಬರೂ ಬಾವಿ ಬಿಟ್ರಿ. ಆರು ಮೀಟರ್ ಅಗಲದ ಬಾವಿ, ಒಂದು ಸೆಂ.ಮೀ. ಅಂದ್ರ 283 ಲೀಟರ್. ಮೂರು ಮೀಟರ್ ಎತ್ತಿ ಮೋಟಾರ್ ಬಂದ್ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಟೇಪ್ ಬಿಡ್ರಿ. ಎತ್ತಿದ ನೀರು ದೂರ ಹೋಗ್ಲಿ, ಇಲ್ಲಂದ್ರ ಮುರುಮಿನಾಗ ಇಂಗಿ ವಾಪಸ್ ಬಾವಿಗೇ ಬರ್ತದ. ಮೊದಲ ತಾಸು 40 ಸೆಂ.ಮೀ. ಏರಿದ್ರ 11,300 ಲೀಟರ್. ಅದನ್ನ 24ಕ್ಕ ಗುಣಿಸಿ 2,71,000 ಅಂತ ಕುಣಿಯೋರೇ ಬಾಳ. ನೀರು ಏರಿದಂಗ ಊಟಿ (ಒಳಗ ಒಸರೋ ನೀರು) ಒತ್ತು ಕಡಿಮಿ, 2.7 ಮೀಟರ್ ತುಂಬಲಿಕ್ಕೇ ಹದಿನಾರು ತಾಸು, ಅಂದ್ರ 76,000 ಲೀಟರ್.

ಶಹಾಪುರದವ: ಮಟ್ಟ ಕೆಳಗೇ ಹಿಡಿದು ಹಗಲು-ರಾತ್ರಿ ಎತ್ತಿದ್ರ 2,71,000 ಬಂದೇ ಬರ್ತದ. ಅರ್ಧ ಲೆಕ್ಕ ಹೇಳಬ್ಯಾಡ್ರಿ.

ಆಳಂದದವ: ಹಗಲು-ರಾತ್ರಿ ಕರೆಂಟು ನಿಮ್ಮ ಮಾವನ ಮನಿಯಿಂದ ಬರ್ತದೇನ್ರಿ?

ಹುಮನಾಬಾದಿನವ: ಜಗಳ ಆಮ್ಯಾಲ ಮಾಡ್ರಿ. ಔರಾದ್ ಅಣ್ಣಾ, ಎರಡು ಬೋರು ಹತ್ತಿರ ಇದ್ರ ಎರಡೂ ಕೂಡೇ ಓಡಿಸಿ ಅಳೀರಿ. ಬಿರುಕು ಒಂದೇ ಇದ್ರ ಇದು ಎತ್ತಿದಾಗ ಅದು ಒಣಗ್ತದ, ಬ್ಯಾರೆ ಬ್ಯಾರೆ ಅಳೆದು ಕೂಡಿಸಿದ್ರ ಕಾಗದದ ಮ್ಯಾಲ ಮಾತ್ರ ನೀರು.

ಶಹಾಪುರದವ: ಕೂಡೇ ಅಂದ್ರ ಎರಡು ಜನರೇಟರ್. ಆ ಡೀಸೆಲ್ ರೊಕ್ಕ ಯಾರು ಕೊಡ್ತಾರಂತ ಅದನ್ನೂ ಹೇಳ್ರಿ.