ಹೆಸರು ಗೊತ್ತಿಲ್ಲದ ಎರಡು ಹೂವಿನ ಕುಂಡಗಳು: ಇವು ಯಾವ ಗಿಡ, ಆರೈಕೆ ಹೇಗೆ?

ಪ್ರಶ್ನೆ

ಹೆಸರಿನ ಚೀಟಿ ಇಲ್ಲದ ಎರಡು ಕುಂಡಗಳು ಉಡುಗೊರೆಯಾಗಿ ಬಂದಿವೆ. ಒಂದು ಗೇಣುದ್ದದ ಗಿಡ; ಎಲೆ ದಪ್ಪ, ಅಂಚು ಅಲೆಯಲೆಯಾಗಿದೆ, ಎದುರುಬದುರು ಜೋಡಿ. ಸಣ್ಣ ಕಿತ್ತಳೆ ಹೂಗಳ ಗೊಂಚಲು ಒಣಗಿದ ಮೇಲೆ ಮತ್ತೆ ಮೊಗ್ಗೇ ಬಂದಿಲ್ಲ. ಇನ್ನೊಂದರ ಬುಡ ಗೆಡ್ಡೆಯಂತೆ ಊದಿದೆ, ಮುಳ್ಳಿಲ್ಲ, ಕೊಂಬೆಯ ತುದಿಯಲ್ಲಿ ಐದೆಸಳಿನ ಗುಲಾಬಿ ಬಣ್ಣದ ಹೂ. ಅದರ ಎಲೆ ಹಳದಿಯಾಗಿ ಉದುರುತ್ತಿದೆ, ಬುಡ ಮೆತ್ತಗಾಗಿದೆ. ಎರಡಕ್ಕೂ ದಿನ ಬಿಟ್ಟು ದಿನ ನೀರು ಹಾಕುತ್ತಿದ್ದೇನೆ.

ಉತ್ತರ 1

ಮೊದಲನೆಯದು ಕಲಾಂಚೊ. ಒಣಗಿದ ಹೂವೊಂದನ್ನು ಬಿಡಿಸಿ ನೋಡಿ, ನಾಲ್ಕು ಎಸಳಿದ್ದರೆ ಅನುಮಾನ ಬೇಡ. (ಎಸಳು ಒತ್ತೊತ್ತಾಗಿರುವ ಮುದ್ದೆ ಹೂವಿನ ತಳಿಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ.)

ಮೊಗ್ಗು ಬಾರದಿರುವುದಕ್ಕೆ ಗೊಬ್ಬರದ ಕೊರತೆ ಕಾರಣವಲ್ಲ, ಕತ್ತಲಿನ ಕೊರತೆ. ರಾತ್ರಿ ಉದ್ದವಾದಾಗಲೇ ಈ ಗಿಡ ಮೊಗ್ಗು ಕಟ್ಟುವುದು. ಒಣ ಗೊಂಚಲನ್ನು ಅದರ ಕೆಳಗಿನ ಒಂದು ಜೋಡಿ ಎಲೆಯ ಸಮೇತ ಕತ್ತರಿಸಿ. ಹೊಸ ಚಿಗುರು ಬಂದ ಮೇಲೆ ಸುಮಾರು 6 ವಾರ, ಸಂಜೆ 5ರಿಂದ ಬೆಳಗ್ಗೆ 7ರವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚಿಡಿ. ಹಗಲು ಚೆನ್ನಾಗಿ ಬೆಳಕು ಬೀಳುವ ಕಿಟಕಿಯ ಪಕ್ಕ ಇರಲಿ. ರಾತ್ರಿ ಮಧ್ಯೆ ಪೆಟ್ಟಿಗೆ ತೆಗೆದು ದೀಪದ ಬೆಳಕು ಬೀಳಿಸಿದರೆ ಶ್ರಮವೆಲ್ಲ ವ್ಯರ್ಥ. ಮೇಲಿನ ಒಂದಿಂಚು ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡಕ್ಕೆ ದಿನ ಬಿಟ್ಟು ದಿನ ಎಂದರೆ ವಿಪರೀತ ಹೆಚ್ಚಾಯಿತು. ಬೆಕ್ಕು, ನಾಯಿ ಕಡಿಯದಂತೆ ನೋಡಿಕೊಳ್ಳಿ, ಅವಕ್ಕೆ ಇದು ವಿಷ.

ಉತ್ತರ 2

ಎರಡನೆಯದು ಅಡೇನಿಯಂ. ಅದಕ್ಕೆ ನೀರು ಇವತ್ತೇ ನಿಲ್ಲಿಸಿ.

ಬುಡ ಮೆತ್ತಗಾಗುವುದರಲ್ಲಿ ಎರಡು ಬಗೆ ಇದೆ, ಚಿಕಿತ್ಸೆ ಒಂದಕ್ಕೊಂದು ತದ್ವಿರುದ್ಧ. ಬಾಯಾರಿದ ಗೆಡ್ಡೆ ಸುತ್ತಲೂ ಒಂದೇ ಸಮ ಮೆದುವಾಗಿ ಸಿಪ್ಪೆ ಸುಕ್ಕುಗಟ್ಟಿರುತ್ತದೆ. ಚೆನ್ನಾಗಿ ನೀರು ಕೊಟ್ಟರೆ ಕೆಲವು ದಿನದಲ್ಲಿ ಬಿಗಿಯಾಗುತ್ತದೆ. ಕೊಳೆತ ಗೆಡ್ಡೆ ಒಂದು ಜಾಗದಲ್ಲಿ ಮಾತ್ರ ಪಚಪಚ ಅನ್ನುತ್ತದೆ, ಸಿಪ್ಪೆ ಕಪ್ಪಾಗಿ, ಒತ್ತಿದರೆ ಕಂದು ನೀರು, ಕೆಟ್ಟ ವಾಸನೆ. ನಿಮ್ಮದು ಯಾವುದು?

ಪ್ರಶ್ನೆ ಕೇಳಿದವರು

ಮಣ್ಣಿಗೆ ತಾಗುವ ಒಂದು ಪಕ್ಕ ಮಾತ್ರ. ಕಂದು ನೀರೂ ಬಂತು.

ಉತ್ತರ 2

ಹಾಗಾದರೆ ಕೊಳೆತವೇ. ಕೈಗವಸು ಹಾಕಿಕೊಳ್ಳಿ, ಇದರ ರಸ ವಿಷ, ಕಣ್ಣಿಗೆ ಬಾಯಿಗೆ ತಾಗಬಾರದು. ಗಿಡ ಕಿತ್ತು, ಮಣ್ಣೆಲ್ಲ ಕೊಡವಿ, ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಲ್ಲಿ ಕೊಳೆತದ್ದನ್ನು ಕೆತ್ತುತ್ತಾ ಹೋಗಿ. ಗಟ್ಟಿಯಾದ ಬಿಳಿ ತಿರುಳು ಸಿಗುವವರೆಗೂ ನಿಲ್ಲಿಸಬೇಡಿ. ಗಿಡದ ಮೇಲಿನ ಮರುಕಕ್ಕೆ ಒಂದು ಕಂದು ಚುಕ್ಕೆ ಬಿಟ್ಟರೂ ಅಲ್ಲಿಂದಲೇ ಮತ್ತೆ ಹರಡುತ್ತದೆ. ಒಂದೊಂದು ಸಲ ಕೆತ್ತಿದ ಮೇಲೂ ಚಾಕು ಒರೆಸಿ. ಗಾಯಕ್ಕೆ ಗಂಧಕದ ಪುಡಿ ಸವರಿ, ಗಾಳಿಯಾಡುವ ನೆರಳಲ್ಲಿ 7ರಿಂದ 10 ದಿನ ತೂಗುಹಾಕಿ. ಗಾಯ ತೊಗಟೆಯಂತೆ ಒಣಗಬೇಕು.

ನೆಡಲು 2 ಪಾಲು ದಪ್ಪ ಮರಳು, 1 ಪಾಲು ಪರ್ಲೈಟ್ (ಮಣ್ಣು ಸಡಿಲವಾಗಿರಲು ಬೆರೆಸುವ ಹಗುರ ಬಿಳಿ ಹರಳು), 1 ಪಾಲು ಎರೆಗೊಬ್ಬರ. ನುಣ್ಣನೆ ಮರಳು ಬೇಡ, ಅದು ಒತ್ತಾಗಿ ಕೂತು ನೀರು ಇಳಿಯಲು ಬಿಡುವುದಿಲ್ಲ. ಕುಂಡ ಗೆಡ್ಡೆಗಿಂತ ಎರಡು ಬೆರಳಷ್ಟೇ ಅಗಲ ಹೆಚ್ಚಿರಲಿ. ನೆಟ್ಟು ಒಂದು ವಾರ ನೀರು ಬೇಡ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಚಳಿಗಾಲದಲ್ಲಿ ಗೆಡ್ಡೆ ಗಟ್ಟಿಯಿದ್ದು ಎಲೆ ಮಾತ್ರ ಉದುರಿದರೆ ಅದು ಅಡೇನಿಯಂನ ವಿಶ್ರಾಂತಿ, ರೋಗವಲ್ಲ. ಆಗ ಎಲೆ ಹೋಯಿತೆಂದು ಗಾಬರಿಯಾಗಿ ನೀರು ಹೆಚ್ಚಿಸುವುದರಿಂದಲೇ ಬಹಳಷ್ಟು ಗಿಡ ಕೊಳೆಯುವುದು. ಎಲೆಯ ಅಡಿ ಬಿಳಿ ಹಾಳೆ ಹಿಡಿದು ತಟ್ಟಿಯೂ ನೋಡಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿ ಇದೆ, ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹಾಯಿಸಿ ತೊಳೆಯಿರಿ. ಆದರೆ ನಿಮ್ಮ ಗಿಡಕ್ಕೆ ಗಾಯ ಒಣಗುವವರೆಗೆ ಅದೂ ಬೇಡ, ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿದರೆ ಸಾಕು.